ಎರಡಡಿ ಮಣ್ಣು

ಮೊದಲು ಭಾರದ ಲೆಕ್ಕ.
ಎಂಟಡಿ ಉದ್ದ, ನಾಲ್ಕಡಿ ಅಗಲ, ಎರಡಡಿ ಆಳ:
ತೇವದ ಮಣ್ಣು ಮೂರು ಟನ್ನು ಮೀರುತ್ತದೆ, ವ್ಲಾಸ್ತಾ,
ಮೇಲಿನ ಕೋಣೆಯ ಹಲಗೆ ತಡೆಯುವುದಿಲ್ಲ.
ನಮ್ಮ ಕರ್ವಿನಾದಲ್ಲಿ ಚರ್ಚೇ ವಾಲಿ ನಿಂತಿದೆ
ಕೆಳಗೆ ನಾವು ತೋಡಿದ್ದಕ್ಕೆ.
ಕಲ್ಲಿದ್ದಲಿನ ನೆಲಮಾಳಿಗೆಯೇ ಸರಿ.
ಗ್ಯಾಸು ಬಂದಮೇಲೆ ಅಲ್ಲಿರುವುದು
ಮುರಿದ ಸಲಿಕೆ, ನಿನ್ನ ಸೌತೆಯ ಜಾಡಿಗಳು,
ಎಷ್ಟು ತಿಕ್ಕಿದರೂ ಗೋಡೆ ಬಿಡದ ಕಪ್ಪು.

ಎಂಟನೇ ಮಹಡಿಯ ದಾಲಿಬೋರನ ಮನೆಯಲ್ಲಿ
ಮೀನಿನ ತೊಟ್ಟಿಯೊಳಗೆ
ಹಳೇ ಪೇಪರಿನ ಮೇಲೆ ಮಲಗಿತ್ತು ಉಡ,
ಹೊಟ್ಟೆ ಹರಡಿಕೊಂಡು.
'ಸೋಮಾರಿ ಇದು, ತಾತ,' ಎಂದ ಹುಡುಗ.
ಕೆಲಸವಿಲ್ಲದ್ದು ಅದು, ಮಗು.
ವ್ಯತ್ಯಾಸ ನನಗೆ ಗೊತ್ತು:
ಗಣಿ ಮುಚ್ಚಿದ ವರ್ಷ ಅಡುಗೆಮನೆಯ ಮೂಲೆಯಲ್ಲಿ
ನಾನೂ ಹೀಗೇ ಪೇಪರಿಗೆ ಗಲ್ಲ ಊರಿದ್ದೆ.

ಓಲ್ಶೆ ಹೊಳೆಯ ದಂಡೆಯಿಂದ
ಕೈಗಾಡಿಯಲ್ಲಿ ತಂದೆ, ನಲವತ್ತು ಸಲವೋ ಐವತ್ತೋ.
ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು,
ನೀರು ತೊಟ್ಟಿಕ್ಕಬಾರದು.
ಹೆಬ್ಬೆರಳು ತೂರಿಸಿ ತೆಗೆದರೆ
ತೂತು ತೂತಾಗಿಯೇ ಉಳಿಯಬೇಕು.
ಒಣ ಮರಳು ಮಹಾ ಸುಳ್ಳುಗಾರ,
ಬೆನ್ನು ತಿರುಗಿಸಿದೊಡನೆ ಮುಚ್ಚಿಕೊಳ್ಳುತ್ತದೆ.
ಎಂಟುನೂರು ಮೀಟರ್ ಆಳದಲ್ಲಿ
ಮೂವತ್ತೊಂದು ವರ್ಷ ಚಾವಣಿಗೆ ಕಿವಿಗೊಟ್ಟವನು ನಾನು.
ಮರದ ಊರುಗಂಬ ಮುರಿಯುವ ಮುನ್ನ ಕೀರಲುತ್ತದೆ;
ಕಬ್ಬಿಣ, ಹೇಳದೆ ಕೇಳದೆ ಬಾಗುತ್ತದೆ.

ಆಮೇಲೆ ಬಿಸಿಲು.
ಘಾನಾದ ಹುಲ್ಲುಗಾವಲಿನದು ಇದು,
ಇಲ್ಲಿ ಮಾರ್ಚಿನಲ್ಲೂ ಕಿಟಕಿಗೆ ಹಿಮ.
ಒಂದೇ ಬಲ್ಬಾದರೆ ಬೆನ್ನಿನ ನಡು ಸುಟ್ಟು
ಬಾಲ ತಣ್ಣಗುಳಿಯುತ್ತದೆ,
ಅದಕ್ಕೆ ಸಾಲಾಗಿ ಮೂರು.
ಕೆಳಗೆ ಚಪ್ಪಡಿ. ಅಂಗೈ ಇಟ್ಟು ಐದು ಎಣಿಸಲಾಗಲಿಲ್ಲ,
ಮಾಪಕ ಐವತ್ತೆಂಟು ಎಂದಿತು, ಸಾಕು.
ಆಚೆ ತುದಿ ತಂಪಿರಲಿ, ಬೇಕಾದಾಗ ಓಡಿಹೋಗಲು.
ನೂರು ವರ್ಷ ಬೆಂಕಿಯ ಸರಕು ತುಂಬಿಟ್ಟ ಈ ಕೋಣೆ
ಬೆಳಕು ಕಂಡದ್ದು ಇದೇ ಮೊದಲು.

ಬಾಗಿಲಿಗೆ ಎರಡು ಚಿಲಕ.
ಒಂದನ್ನು ಮೊದಲ ದಿನವೇ ಕಿತ್ತಿತು.
ಉಡದ ಪಟ್ಟು ಅಂದರೆ ಏನೆಂದು
ನನ್ನ ಕೈಗವಸಿನ ತೋರುಬೆರಳನ್ನು ಕೇಳಿ.
ಜಿರಲೆಯ ಡಬ್ಬಿ ಜಾಮಿನ ಪಕ್ಕ ಇಟ್ಟದ್ದಕ್ಕೆ
'ನೀನೂ ಅದರ ಜೊತೆ ಕೆಳಗೇ ಮಲಗು, ಲುಬೋರ್,' ಎಂದಳು ವ್ಲಾಸ್ತಾ.
ಎರಡು ರಾತ್ರಿ ಮಲಗಿದೆ. ಬೆಚ್ಚಗಿತ್ತು.

ಚೌಕಟ್ಟಿಗೆ ಎರಡು ಮೊಳೆ ಹೊಡೆದೆ, ಮೇಲೊಂದು, ಕೆಳಗೊಂದು.
ನನ್ನ ಹಿತ್ತಾಳೆ ಬಿಲ್ಲೆ, ಎರಡು ಸಾವಿರದ ಇನ್ನೂರ ಹದಿನೇಳು,
ಮೇಲಿನ ಮೊಳೆಯಲ್ಲಿ ತೂಗಿತು.
ಹನ್ನೊಂದನೇ ದಿನ ಮುಂಗಾಲಿನಿಂದ
ಒಂದು ಗೀರು ಎಳೆದು ನಿಂತಿತು,
ಯಾರಾದರೂ ಬೈಯುತ್ತಾರೋ ಎಂಬಂತೆ.
ಇನ್ನೊಂದು ಗೀರು.
ಆಮೇಲೆ ಮಣ್ಣು ನನ್ನ ಕನ್ನಡಕಕ್ಕೇ ಸಿಡಿಯಿತು!
ಬಾಲದ ತುದಿ ಒಳಗೆ ಜಾರಿದಾಗ
ಬಿಲ್ಲೆಯನ್ನು ಕೆಳಗಿನ ಮೊಳೆಗೆ ಇಳಿಸಿದೆ:
ದೇವರು ಒಳ್ಳೇದು ಮಾಡಲಿ.
ಇಳಿಯುವವರಿಗೆ ನಾವು ಹೇಳುತ್ತಿದ್ದದ್ದು ಅಷ್ಟೇ.

ಒಂದು ದಿನ. ಎರಡು. ಮೂರು.
ಚಪ್ಪಡಿ ಖಾಲಿ ಕಾಯುತ್ತಿತ್ತು.
ಸಲಿಕೆ ತಾನಾಗಿ ಕೈಗೆ ಬಂತು, ಇಟ್ಟುಬಿಟ್ಟೆ;
ತೋಡಿದರೆ ಅದರ ಮನೆ ಅದರ ಮೇಲೇ ಬೀಳುತ್ತದೆ.
ಹಲಗೆಗೆ ಕಿವಿ ಹಚ್ಚಿದೆ.
ಅಲೋಯ್ಸನಿಗಾಗಿಯೂ ಹೀಗೇ ಕಾದಿದ್ದೆವು ಒಮ್ಮೆ,
ಬೆಳಗಿನವರೆಗೆ.

ಮೆಟ್ಟಿಲ ಮೇಲೆ ವ್ಲಾಸ್ತಾಳ ಚಪ್ಪಲಿ.
ಕೆಳಗೆ ಹೇಗಿರುತ್ತದೆ ಎಂದು
ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳದವಳು
ಬಿಲ್ಲೆ ಯಾವ ಮೊಳೆಯಲ್ಲಿದೆ ಎಂದು ನೋಡಿದಳು,
ಸೊಂಟ ಹಿಡಿದುಕೊಂಡು ಬಾಗಿ
ತಾನೂ ಕಿವಿಯಿಟ್ಟಳು.

'ಕೆರೆಯುತ್ತಿದೆ.'
'ಎಲ್ಲಿ?'
'ಶ್! ಇಲ್ಲಿ, ನನ್ನ ಕಡೆ.'

ಮೇಲೆ ಸಾರು ಉಕ್ಕಿ
ಒಲೆಗೆ ಸುರಿಯುತ್ತಿತ್ತು,
ಇಬ್ಬರಿಗೂ ಕೇಳಿಸುತ್ತಲೇ ಇತ್ತು.